ಮೂಕವಾದ ಹಾಡಿನ ಪೆಟ್ಟಿಗೆ



ನಮ್ಮ ಸೀಮೆಯಲ್ಲಿ ಹಾಡಿಗೂ ಪ್ರಯಾಣಕ್ಕೂ ಹಳೆಯ ನಂಟು. ಚಕ್ಕಡಿ ಹೊಡೆಯುವವನು ತಾನೇ ಹಾಡಿಕೊಳ್ಳುತ್ತ ಸಾಗುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. 1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ನಿಲಯ ಆರಂಭವಾದ ಮೇಲೆ ಹಾಡು ಪೆಟ್ಟಿಗೆಯೊಳಗೆ ಕುಳಿತು ಹಳ್ಳಿಗಳಿಗೆ ಬಂದಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್ಟು ಕಾಲಕ್ರಮದಲ್ಲಿ ನಮ್ಮ ಲಾರಿ, ಟೆಂಪೋ, ಕಾರುಗಳನ್ನೂ ಏರಿತು. ಅಂಥ ಒಂದು ಪೆಟ್ಟಿಗೆ ಮೂಕವಾದ ಸಂಗತಿಯನ್ನು ಇಂದು ಬರೆಯುತ್ತಿದ್ದೇನೆ. ಎಂಟನೆಯ ತರಗತಿಯಲ್ಲಿ ವಿದ್ಯುನ್ಮಂಡಲದ ಪಾಠ ಕೇಳಿದವರಿಗೆ ಇದರಲ್ಲಿ ಪರಿಚಿತವಾದದ್ದು ಬಹಳಷ್ಟು ಸಿಕ್ಕೀತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನನ್ನ ತಮ್ಮನ ಬಳಿ ಒಂದು ಹಳೆಯ ಸಣ್ಣ ಕಾರಿದೆ. ಅದರಲ್ಲಿ ಕ್ಯಾಸೆಟ್ಟು ಹಾಕುವ ಸ್ಟೀರಿಯೋ. ಅದು ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋಯಿತು. ಗುಂಡಿ ಒತ್ತಿದರೆ ದೀಪವಿಲ್ಲ, ಗಡಿಯಾರದ ಅಂಕಿಗಳಿಲ್ಲ, ಸಣ್ಣ ಸದ್ದೂ ಇಲ್ಲ. ರಾಣೆಬೆನ್ನೂರಿನ ಅಂಗಡಿಯೊಂದರಲ್ಲಿ ತೋರಿಸಿದಾಗ, "ಇದು ಒಳಗ ಸುಟ್ಟೈತ್ರಿ, ಹೊಸಾದ ಹಾಕಸ್ರಿ" ಎಂದರಂತೆ. ಹೊಸದನ್ನು ಹಾಕಿಸುವುದು ದೊಡ್ಡ ಮಾತಲ್ಲ. ಆದರೆ ಹೊಸ ಸೆಟ್ಟುಗಳಲ್ಲಿ ಕ್ಯಾಸೆಟ್ಟಿನ ಬಾಯಿ ಇರುವುದಿಲ್ಲ. ತೀರಿಹೋದ ನಮ್ಮ ಅಕ್ಕ ಹಾಡಿದ ಶಿಶುನಾಳ ಶರೀಫರ ತತ್ವಪದಗಳಿರುವುದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ, ಅದನ್ನು ಹಾಡಿಸುವ ಯಂತ್ರ ನಮ್ಮ ಎರಡೂ ಮನೆಗಳಲ್ಲಿ ಉಳಿದಿರುವುದು ಆ ಕಾರಿನಲ್ಲಿ ಮಾತ್ರ. ಆದ್ದರಿಂದ ಸೆಟ್ಟನ್ನು ಬಿಚ್ಚಿ ಎಸೆಯುವ ಮುನ್ನ ಇನ್ನೊಮ್ಮೆ ನೋಡಿಸೋಣವೆಂದು ಕಾರನ್ನು ಹಾವೇರಿಗೆ ತರಿಸಿದೆ. ಇಲ್ಲಿ ವಾಹನಗಳ ವಿದ್ಯುತ್ ಕೆಲಸ ಮಾಡುವ ಒಬ್ಬಾತ ನನ್ನ ವಿದ್ಯಾರ್ಥಿಯಾಗಿದ್ದವನು.

ಅವನು ಕೈಹಾಕುವ ಮೊದಲು ಪ್ರಶ್ನೆ ಕೇಳಿದ ಕ್ರಮ ನನಗೆ ಹಿಡಿಸಿತು. "ಹಾರ್ನ್ ಹೊಡಿತೈತೇನ್ರಿ ಸರ್? ದೀಪ ಹತ್ತತಾವೇನ್ರಿ?" ಎರಡೂ ಸರಿಯಾಗಿದ್ದವು. ಹಾಗಾದರೆ ಬ್ಯಾಟರಿಯಲ್ಲಿ ಶಕ್ತಿ ಇದೆಯೆಂದಾಯಿತು. "ಸಿಗರೇಟ್ ಹಚ್ಚೂ ಸಾಕೆಟ್ಟಿನ್ಯಾಗ ಮೊಬೈಲ್ ಚಾರ್ಜ್ ಆಗತೈತೇನ್ರಿ?" ಅದೂ ಕೆಲವು ದಿನಗಳಿಂದ ಆಗುತ್ತಿಲ್ಲವೆಂದು ತಮ್ಮನ ಮಗ ಹೇಳಿದ. ಚಾರ್ಜರೇ ಕೆಟ್ಟಿದೆಯೆಂದು ಅವನು ತಿಳಿದಿದ್ದನಂತೆ. ಎಷ್ಟೋ ಕಾರುಗಳಲ್ಲಿ ಆ ಸಾಕೆಟ್ಟೂ ಸ್ಟೀರಿಯೋವೂ ಒಂದೇ ಫ್ಯೂಸಿನ ಆಶ್ರಯದಲ್ಲಿರುತ್ತವೆ. ಎರಡೂ ಒಟ್ಟಿಗೆ ಸತ್ತಿದ್ದರೆ ತಪ್ಪು ಸೆಟ್ಟಿನದಾಗಿರುವ ಸಂಭವ ಕಡಿಮೆ.

ಹೊರಗೆ ಕೊಂಡು ಕೂಡಿಸಿದ ಇಂಥ ಸೆಟ್ಟುಗಳಿಗೆ ಸಾಮಾನ್ಯವಾಗಿ ಮೂರು ತಂತಿಗಳು ಜೀವಾಳ. ಹಳದಿ ತಂತಿಗೆ ಬ್ಯಾಟರಿಯಿಂದ ಸದಾ 12 ವೋಲ್ಟ್ ಬರುತ್ತದೆ. ಗಡಿಯಾರ, ನೆನಪು ಉಳಿಯುವುದು ಅದರಿಂದ. ಕೆಂಪು ತಂತಿಗೆ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುತ್ತದೆ. ಸೆಟ್ಟು ಎಚ್ಚರಗೊಳ್ಳುವುದು ಅದರಿಂದ. ಕಪ್ಪು ತಂತಿ ಕಾರಿನ ಕಬ್ಬಿಣದ ಮೈಗೆ ಜೋಡಿಸಿದ್ದು. ಹಿಂದೆ ನೀವೆಲ್ಲ ಓಡಿಸುತ್ತಿದ್ದ ಸೈಕಲ್ಲುಗಳ ಡೈನಮೊವನ್ನು ನೆನೆಯಿರಿ. ದೀಪಕ್ಕೆ ಹೋಗುತ್ತಿದ್ದುದು ಒಂದೇ ತಂತಿ. ಮರಳಿ ಬರುವ ದಾರಿ ಸೈಕಲ್ಲಿನ ಮೈಯೇ ಆಗಿತ್ತು. ಕಾರಿನಲ್ಲಿಯೂ ಅದೇ ತತ್ವ. ಹೋಗುವ ದಾರಿ ಕಡಿದರೂ, ಬರುವ ದಾರಿಗೆ ತುಕ್ಕು ಹಿಡಿದರೂ ಪೆಟ್ಟಿಗೆ ಮೂಕವಾಗುತ್ತದೆ.

ಫ್ಯೂಸಿನ ಪೆಟ್ಟಿಗೆ ತೆರೆದಾಗ ಸ್ಟೀರಿಯೋದ ಫ್ಯೂಸು ಸುಟ್ಟಿರುವುದು ಕಂಡಿತು. ಪಕ್ಕದಲ್ಲಿ ನಿಂತಿದ್ದ ಚಾಲಕನೊಬ್ಬ ಸಿಗರೇಟಿನ ಪೊಟ್ಟಣದ ಬೆಳ್ಳಿಹಾಳೆ ಸುತ್ತಿ ಹಾಕಿದರೆ ಸಾಕೆಂದು ಸಲಹೆ ಕೊಟ್ಟ. ನನ್ನ ಶಿಷ್ಯ ಒಪ್ಪಲಿಲ್ಲ. ಸುಟ್ಟದ್ದು 15 ಆಂಪಿಯರಿನ ನೀಲಿ ಫ್ಯೂಸು, ಹಾಕಿದ್ದೂ ಅದೇ. 20 ಆಂಪಿಯರಿನ ಹಳದಿಯದು ಕೈಗೆ ಸಿಗುವಂತಿದ್ದರೂ ಮುಟ್ಟಲಿಲ್ಲ. ಹೊಸ ಫ್ಯೂಸು ಕೀಲಿ ತಿರುಗಿಸಿದೊಡನೆ ಸುಟ್ಟಿತು.

ಇಲ್ಲಿ ಅವನು ಮಾಡಿದ ಕೆಲಸವೇ ಈ ಬರಹಕ್ಕೆ ಕಾರಣ. ಸೆಟ್ಟನ್ನು ಹೊರಗೆಳೆದು ಹಿಂದಿನ ಪ್ಲಗ್ಗನ್ನು ಕಳಚಿಟ್ಟ. ಸಾಕೆಟ್ಟಿನ ತಂತಿಯನ್ನೂ ಬಿಡಿಸಿದ. ಇನ್ನೊಂದು ಫ್ಯೂಸು ಹಾಕಿ ಕೀಲಿ ತಿರುಗಿಸಿದ. ಅದೂ ಸುಟ್ಟಿತು! ತಂತಿಯ ತುದಿಯಲ್ಲಿ ಯಾವ ಯಂತ್ರವೂ ಇಲ್ಲದಿರುವಾಗ ಫ್ಯೂಸು ಸುಡುತ್ತದೆಯೆಂದರೆ ದೋಷ ತಂತಿಯಲ್ಲಿಯೇ ಇದೆ. "ಸೆಟ್ಟಿನ ತಪ್ಪಿಲ್ರಿ ಸರ್" ಎಂದ. ಡ್ಯಾಶ್‌ಬೋರ್ಡಿನ ಹಿಂದೆ ಟಾರ್ಚು ಬಿಟ್ಟು ಹುಡುಕಿದಾಗ, ಕಬ್ಬಿಣದ ಪಟ್ಟಿಯ ಅಂಚಿಗೆ ವರ್ಷಗಟ್ಟಲೆ ಉಜ್ಜಿ ಉಜ್ಜಿ ಕೆಂಪು ತಂತಿಯ ಮೈ ಸವೆದು ಒಳಗಿನ ತಾಮ್ರ ಹೊರಬಿದ್ದಿತ್ತು. ಅದು ಕಾರಿನ ಮೈಗೆ ತಗಲುತ್ತಿತ್ತು.

ಓಮನ ನಿಯಮವನ್ನು ಇಲ್ಲಿ ನೆನೆಯಬೇಕು. 1827ರಲ್ಲಿ ಅದನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದ ಜಾರ್ಜ್ ಸೈಮನ್ ಓಮ್ ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಮಾಸ್ತರನಾಗಿದ್ದವನು. ವೋಲ್ಟ್ ಅಷ್ಟೇ ಇದ್ದು ರೋಧ ಕಡಿಮೆಯಾದರೆ ಪ್ರವಾಹ ಹೆಚ್ಚುತ್ತದೆ. ಬರಿಯ ತಾಮ್ರ ಕಬ್ಬಿಣಕ್ಕೆ ತಗಲಿದಾಗ ರೋಧ ಇಲ್ಲವೆನ್ನುವಷ್ಟು ಇಳಿದು ಪ್ರವಾಹ ಮಿತಿಮೀರಿ ಏರುತ್ತದೆ. ಆಗ ತಂತಿ ಕಾದು ಬೆಂಕಿಯಾಗುವ ಮೊದಲೇ ಫ್ಯೂಸು ತಾನು ಕರಗಿ ದಾರಿ ಕಡಿಯುತ್ತದೆ. ಅದರ ಜಾಗದಲ್ಲಿ ಬೆಳ್ಳಿಹಾಳೆಯಿದ್ದರೆ ಕರಗುವ ಸರದಿ ಡ್ಯಾಶ್‌ಬೋರ್ಡಿನ ಹಿಂದಿನ ತಂತಿಯದು. ಸುಡುವ ಸರದಿ ಕಾರಿನದು, ಒಳಗೆ ಕುಳಿತವರದು. ಫ್ಯೂಸು ಹೋದದ್ದು ರೋಗವಲ್ಲ, ರೋಗದ ಸುದ್ದಿ. ಸುದ್ದಿ ತಂದವನ ಬಾಯಿ ಮುಚ್ಚಿಸಿದರೆ ರೋಗ ವಾಸಿಯಾಗದು.

ಬ್ಯಾಟರಿಯ ತಂತಿ ಕಳಚಿ, ಸವೆದ ಭಾಗವನ್ನು ಕತ್ತರಿಸಿ ಹೊಸ ತುಂಡು ಜೋಡಿಸಿ, ಮೇಲೆ ಕೊಳವೆ ತೊಡಿಸಿ, ಪಟ್ಟಿಯ ಅಂಚಿನಿಂದ ದೂರ ಕಟ್ಟಿದ. ಹೊಸ ನೀಲಿ ಫ್ಯೂಸು ನಿಂತಿತು. ಸೆಟ್ಟಿನ ಅಂಕಿಗಳು ಹೊಳೆದವು. ತಮ್ಮ ಕ್ಯಾಸೆಟ್ಟು ತೂರಿಸಿದ. ಏಕತಾರಿ ಒಮ್ಮೆ ಮಿಡಿದು ಅಕ್ಕನ ದನಿ ಬಂದಿತು. ತಮ್ಮ ಕಾರಿನ ಬಾಗಿಲನ್ನು ಒಳಗಿನಿಂದ ಎಳೆದುಕೊಂಡ. ನಾವು ಹೊರಗೇ ನಿಂತೆವು.

ಆ ವಾರವೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ಮಕ್ಕಳಿಗೆಲ್ಲ ಪ್ರತಿ ಕೊಡಿಸಿದ್ದಾಯಿತು. ನಿಮ್ಮ ಮನೆಗಳಲ್ಲಿಯೂ ಹಿರಿಯರ ದನಿಯಿರುವ ಕ್ಯಾಸೆಟ್ಟುಗಳಿದ್ದರೆ, ಅವುಗಳನ್ನು ಹಾಡಿಸುವ ಯಂತ್ರ ಜೀವಂತವಾಗಿರುವಾಗಲೇ ಈ ಕೆಲಸ ಮಾಡಿಕೊಳ್ಳಿರಿ. ಯಂತ್ರ ಮೂಕವಾದರೆ ಅದು ಸತ್ತಿತೆಂಬ ತೀರ್ಪನ್ನು ಕೂಡಲೇ ಒಪ್ಪಬೇಡಿರಿ; ಬ್ಯಾಟರಿಯಿಂದ ಆರಂಭಿಸಿ ದಾರಿಯುದ್ದಕ್ಕೂ ಒಂದೊಂದೇ ಪ್ರಶ್ನೆ ಕೇಳುತ್ತ ಹೋಗಿರಿ. ಫ್ಯೂಸು ಎರಡನೆಯ ಸಲ ಸುಟ್ಟರೆ ಮೂರನೆಯದನ್ನು ಸುಮ್ಮನೆ ಹಾಕದೆ, ಕೆಲಸ ಬಲ್ಲವನ ಬಳಿಗೆ ಹೋಗಿರಿ.