ನೀವು ತೆಲುಗಿನವರಾ, ಕನ್ನಡದವರಾ?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಪೇಪರ್‌ನಲ್ಲಿ ಜಿಲ್ಲಾವಾರು ಪಟ್ಟಿ ಹಾಕ್ತಾರಲ್ಲ, ಅದರಲ್ಲಿ ತುಮಕೂರು ಅಂತ ಒಂದು ಸಾಲು ಇರುತ್ತೆ, ಮಧುಗಿರಿ ಅಂತ ಬೇರೆಯದೇ ಇನ್ನೊಂದು ಸಾಲು ಇರುತ್ತೆ. "ಮಧುಗಿರಿ ಯಾವಾಗ್ರೋ ಜಿಲ್ಲೆ ಆಯ್ತು?" ಅಂತ ಹಾಸ್ಟೆಲ್‌ನಲ್ಲಿ ನಮ್ಮನ್ನು ಕೇಳದೇ ಇರೋರು ಕಡಿಮೆ. ಕಂದಾಯದ ಲೆಕ್ಕದಲ್ಲಿ ಆಗಿಲ್ಲ, ಅದು ಶೈಕ್ಷಣಿಕ ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಆಗಿರೋದು. ಈ ಲೇಖನ ಬರೀತಿರೋ ನಾವು ನಾಲ್ಕು ಜನ ತಾಲ್ಲೂಕಿಗೊಬ್ಬರಂತೆ ಅಲ್ಲಿಂದ ಬಂದವರು. ಊರಲ್ಲಿದ್ದಾಗ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಒಂದೇ ಗುಂಪಾಗಿಬಿಟ್ವಿ.

ಗುಂಪಾಗೋಕೆ ಕಾರಣ ಒಂದು ಪ್ರಶ್ನೆ. ನಮ್ಮಲ್ಲಿ ಪಾವಗಡದವನು ಅಮ್ಮನ ಜೊತೆ ಫೋನ್‌ನಲ್ಲಿ ತೆಲುಗಿನಲ್ಲಿ ಮಾತಾಡ್ತಾನೆ. ಫೋನ್ ಇಟ್ಟ ತಕ್ಷಣ ಪಕ್ಕದ ರೂಮಿನವರು ಕೇಳ್ತಾರೆ: "ನೀವು ತೆಲುಗಿನವರಾ, ಕನ್ನಡದವರಾ?" ಕೇಳೋರಲ್ಲಿ ಕೆಟ್ಟ ಉದ್ದೇಶ ಏನಿಲ್ಲ. ಆದರೆ ಒಂದರಿಂದ ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿ, ಸಿಇಟಿಯಲ್ಲಿ ಕನ್ನಡ ಮಾಧ್ಯಮದ ಶೇಕಡಾ 5ರ ಮೀಸಲಾತಿಯಲ್ಲೇ ಸೀಟು ತಗೊಂಡು ಬಂದವನಿಗೆ ಈ ಪ್ರಶ್ನೆ ಕೇಳಿದಾಗ ಏನು ಹೇಳಬೇಕು? ಅವನು ಮೊದಮೊದಲು ನಕ್ಕು ಸುಮ್ಮನಾಗ್ತಿದ್ದ. ನಾವೆಲ್ಲ ಕೂತು ಯೋಚಿಸಿದಾಗ ಗೊತ್ತಾಗಿದ್ದೇನಂದ್ರೆ, ಈ ಪ್ರಶ್ನೆಗೆ ಒಂದು ಪದದ ಉತ್ತರ ಇಲ್ಲ. ಮ್ಯಾಪ್ ತೆಗೆದು ತೋರಿಸಿಯೇ ಹೇಳಬೇಕು.

ದಯವಿಟ್ಟು ಮೊಬೈಲ್‌ನಲ್ಲಿ ಮ್ಯಾಪ್ ತೆಗೀರಿ. ತುಮಕೂರು ಜಿಲ್ಲೆಯ ಗಡಿಗೆರೆ ಹಿಡಿದು ಉತ್ತರಕ್ಕೆ ಹೋಗಿ. ಕೊರಟಗೆರೆ ಸಿಗುತ್ತೆ, ಮಧುಗಿರಿ ಸಿಗುತ್ತೆ, ಎಡಕ್ಕೆ ಶಿರಾ ಇದೆ. ಅಲ್ಲಿಗೆ ಜಿಲ್ಲೆ ಮುಗಿದುಹೋಗುತ್ತೆ. ಇನ್ನೂ ಮೇಲಕ್ಕೆ ಹೋದ್ರೆ ಆಂಧ್ರದ ಮಡಕಶಿರಾ. ಅದನ್ನೂ ದಾಟಿದ ಮೇಲೆ, ಜಿಲ್ಲೆಯಿಂದ ಕಿತ್ತು ಬಿಸಾಕಿದ ಹಾಗೆ, ಪಾವಗಡ ಇದೆ. ಹೆಚ್ಚುಕಮ್ಮಿ ಸುತ್ತಲೂ ಆಂಧ್ರ. ಪಶ್ಚಿಮದಲ್ಲಿ ಚಿತ್ರದುರ್ಗ ಜಿಲ್ಲೆಯ ಕಡೆ ಮಾತ್ರ ಕರ್ನಾಟಕದ ನೆಲ ತಾಗುತ್ತೆ. ತನ್ನದೇ ಜಿಲ್ಲೆಯ ಉಳಿದ ಭಾಗವನ್ನು ಅದು ಮುಟ್ಟೋದೇ ಇಲ್ಲ. ಈ ಕಡೆ ಮಡಕಶಿರಾ ನೋಡಿ: ಅದು ಆಂಧ್ರದಿಂದ ಕರ್ನಾಟಕದೊಳಗೆ ಚಾಚಿದ ನಾಲಿಗೆ ಇದ್ದ ಹಾಗಿದೆ. ಒಂದರೊಳಗೊಂದು ಹಲ್ಲು ಕೂರೋ ಎರಡು ಗೇರ್‌ಗಳ ಹಾಗೆ ಇವೆರಡೂ ಸಿಕ್ಕಿಕೊಂಡಿವೆ.

ಹಾಗಾಗಿ ಮಧುಗಿರಿಯಿಂದ ಪಾವಗಡಕ್ಕೆ ಹೊರಟ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸು ಮಿಡಿಗೇಶಿ ದಾಟಿ ಆಂಧ್ರಕ್ಕೆ ಹೋಗಿ ಮತ್ತೆ ಕರ್ನಾಟಕಕ್ಕೆ ಬರುತ್ತೆ. ಬೋರ್ಡುಗಳ ಅಕ್ಷರ ಬದಲಾಗುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಕನ್ನಡ ಬರುತ್ತೆ. ಕಿಟಕಿ ಆಚೆಗಿನ ಬಂಡೆ ಬೆಟ್ಟ, ಕಡಲೆಕಾಯಿ ಹೊಲ, ಜಾಲಿ ಗಿಡ ಮಾತ್ರ ಬದಲಾಗಲ್ಲ. ಚಿಕ್ಕಂದಿನಲ್ಲಿ ಇದು ನಮಗೆ ವಿಶೇಷ ಅನಿಸಿರಲೇ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ರಾಜ್ಯಗಳ ಗಡಿಗೆ ಬ್ಯಾರಿಕೇಡ್ ಬಿದ್ದಾಗಲೇ ಇದರ ಬಿಸಿ ಮುಟ್ಟಿದ್ದು. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹತ್ತಿರದ ದಾರಿಯಲ್ಲಿ ಹೋಗಬೇಕಂದ್ರೆ ಎರಡು ಸಲ ರಾಜ್ಯದ ಗಡಿ ದಾಟಬೇಕು.

ನಮ್ಮ ಕಡೆ ನೀರು ಕೂಡ ಹೀಗೇ ಹೋಗುತ್ತೆ ಅನ್ನೋದು ಮ್ಯಾಪ್ ನೋಡ್ತಾ ನೋಡ್ತಾ ನಮಗೆ ಗೊತ್ತಾದ ವಿಷಯ. ದೇವರಾಯನದುರ್ಗಕ್ಕೆ ಟ್ರಿಪ್ ಹೋಗದೇ ಇರೋರು ನಮ್ಮಲ್ಲಿ ಯಾರಿದ್ದಾರೆ? ಆ ಬೆಟ್ಟದಲ್ಲಿ ಹುಟ್ಟೋ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತೆ. ಅದೇ ಬೆಟ್ಟದ ಜಯಮಂಗಲಿ ಉತ್ತರಕ್ಕೆ ತಿರುಗಿ, ಕೊರಟಗೆರೆ, ಮಧುಗಿರಿ ತಾಲ್ಲೂಕು ದಾಟಿ, ಆಂಧ್ರಕ್ಕೆ ಹೋಗಿ ಹಿಂದೂಪುರದ ಸೀಮೆಯಲ್ಲಿ ಉತ್ತರ ಪಿನಾಕಿನಿಗೆ ಸೇರುತ್ತೆ. ನಂದಿ ಬೆಟ್ಟದ ಕಡೆಯಿಂದ ಬಂದ ಆ ಪಿನಾಕಿನಿ ಮತ್ತೆ ಕರ್ನಾಟಕಕ್ಕೆ ತಿರುಗಿ ಪಾವಗಡ ತಾಲ್ಲೂಕಿನ ನಾಗಲಮಡಿಕೆ ಮುಟ್ಟಿ, ಪುನಃ ಆಂಧ್ರದ ಪೇರೂರು ಡ್ಯಾಮಿಗೆ ಹೋಗುತ್ತೆ. ಅಂದ್ರೆ ಕೊರಟಗೆರೆಯಲ್ಲಿ ಬಿದ್ದ ಮಳೆ ನೀರು ಪಾವಗಡಕ್ಕೆ ಹೋಗಬೇಕಂದ್ರೂ ಆಂಧ್ರದ ಮೇಲೇ ಹೋಗಬೇಕು, ನಮ್ಮ ಬಸ್ಸಿನ ಹಾಗೆ. ಹೊಳೆ ತುಂಬಿ ಹರಿಯೋ ವರ್ಷಗಳು ಕಡಿಮೆ ಅನ್ನೋದು ಬೇರೆ ಮಾತು. ನಮ್ಮದು ಮಳೆ ನೆರಳಿನ ಸೀಮೆ. ಕೊಳವೆ ಬಾವಿ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಕಾಟ.

ಈಗ ಭಾಷೆಯ ವಿಷಯ. ಪಾವಗಡದಲ್ಲಿ ಮನೆ ಮಾತು ತೆಲುಗು ಆಗಿರೋರು ಬಹಳ ಜನ. ಶಾಲೆ, ಕಚೇರಿ, ಪೇಪರ್ ಎಲ್ಲ ಕನ್ನಡ. ಸಂತೆಯಲ್ಲಿ ಎರಡೂ. ಒಂದೇ ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿದ್ರೆ ಯಾರೂ ತಿರುಗಿ ನೋಡಲ್ಲ. ಅಜ್ಜಿ ತೆಲುಗಿನಲ್ಲಿ ಬೈದ್ರೆ ಮೊಮ್ಮಗ ಕನ್ನಡದಲ್ಲಿ ತಪ್ಪಿಸಿಕೊಳ್ತಾನೆ. ಕಲಬೆರಕೆ ಅಂತ ಮೂಗು ಮುರಿಯೋರಿಗೆ ನಾವು ಹೇಳೋದು ಇಷ್ಟೇ: ಇಲ್ಲಿ ಎರಡು ಭಾಷೆ ಒಂದಕ್ಕೊಂದು ಎಷ್ಟು ಹತ್ತಿರ ಅಂತ ಪುಸ್ತಕ ಓದಿ ತಿಳಿಯಬೇಕಿಲ್ಲ, ಕಿವಿ ಇದ್ರೆ ಸಾಕು. ನಮ್ಮ ಹಾಲು ಅವರಿಗೆ ಪಾಲು. ಹುಲಿ ಪುಲಿ, ಹತ್ತು ಪದಿ, ಹೂವು ಪುವ್ವು, ಹಾವು ಪಾಮು. ಕನ್ನಡದಲ್ಲೂ ಮೊದಲು ಪಕಾರವೇ ಇತ್ತು. ಹಳಗನ್ನಡದಲ್ಲಿ ಹಾಲು ಪಾಲ್, ಹಾವು ಪಾವು. ಸುಮಾರು ಹತ್ತನೇ ಶತಮಾನದಿಂದ ಈಚೆಗೆ ಕನ್ನಡದ ಪಕಾರ ಮೆಲ್ಲಗೆ ಹಕಾರ ಆಗ್ತಾ ಬಂತು. ತೆಲುಗು ಹಾಗೇ ಇಟ್ಟುಕೊಂಡಿತು. ಪಾವಗಡ ಅಂದ್ರೆ ಹಾವಿನ ಬೆಟ್ಟ ಅಂತ ಒಂದು ವಿವರಣೆ ಇದೆ. ಅದನ್ನು ಒಪ್ಪಿದ್ರೆ, ತೆಲುಗು ಊರು ಅಂತ ನೀವು ರೇಗಿಸೋ ಊರಿನ ಹೆಸರಲ್ಲೇ ಹಳಗನ್ನಡದ ಹಾವು ಮಲಗಿದೆ!

ಇದೇ ಪಕಾರ ಹಕಾರದ ಕಥೆ ಇನ್ನೊಂದು ಊರಿನ ಹೆಸರಲ್ಲೂ ಇದೆ. ಮಡಕಶಿರಾದ ಹತ್ತಿರ, ಅಮರಾಪುರಂ ಮಂಡಲದಲ್ಲಿ ಹೇಮಾವತಿ ಅಂತ ಊರಿದೆ. ಶಾಸನಗಳಲ್ಲಿ ಅದರ ಹೆಸರು ಪೆಂಜೇರು, ಆಮೇಲೆ ಹೆಂಜೇರು. ಸುಮಾರು ಎಂಟರಿಂದ ಹನ್ನೊಂದನೇ ಶತಮಾನದವರೆಗೆ ಆಳಿದ ನೊಳಂಬರ ರಾಜಧಾನಿ ಅದು. ಅವರ ನಾಡಿಗೆ ನೊಳಂಬವಾಡಿ 32000 ಅಂತ ಹೆಸರು. ಅವರ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ದೊಡ್ಡೇಶ್ವರ, ಸಿದ್ಧೇಶ್ವರ ದೇವಸ್ಥಾನಗಳು ಇವತ್ತಿಗೂ ಅಲ್ಲಿವೆ. ನೊಳಂಬರನ್ನು ಸೋಲಿಸಿದ ಚೋಳರ ಕಾಲದಲ್ಲಿ ಅಲ್ಲಿನ ಕೆತ್ತನೆಯ ಕಂಬಗಳು ತಮಿಳುನಾಡಿನ ತಿರುವೈಯಾರಿನ ದೇವಸ್ಥಾನ ಸೇರಿದವು. ಆಮೇಲೆ ಹೆಂಜೇರನ್ನೂ ಪಾವಗಡದ ನಿಡುಗಲ್ಲು ಬೆಟ್ಟವನ್ನೂ ಹಿಡಿದು ಆಳಿದವರು ನಿಡುಗಲ್ಲಿನ ಚೋಳರು. ಕನ್ನಡ ಶಾಸನ ಬರೆಸಿದ ರಾಜರ ರಾಜಧಾನಿ ಇವತ್ತು ಆಂಧ್ರದಲ್ಲಿ, ಅದೇ ಸೀಮೆಯ ಕೋಟೆ ಕರ್ನಾಟಕದಲ್ಲಿ. ಅವರ ಕಾಲಕ್ಕೆ ಅದು ಒಂದೇ ನಾಡು.

ಹಾಗಾದ್ರೆ ಈ ಗೆರೆ ಎಳೆದವರು ಯಾರು? ವಿಜಯನಗರದವರಂತೂ ಅಲ್ಲ. 1565ರ ಯುದ್ಧದ ನಂತರ ಅವರ ರಾಜಧಾನಿಯೇ ಇಲ್ಲಿಗೆ ಹತ್ತಿರದ ಪೆನುಕೊಂಡಕ್ಕೆ ಬಂತು. ಮೊಘಲರೂ ಅಲ್ಲ. 1687ರಲ್ಲಿ ಅವರು ಶಿರಾವನ್ನು ಸುಬಾದ ರಾಜಧಾನಿ ಮಾಡಿಕೊಂಡಾಗ ಅದರ ಏಳು ಪರಗಣಗಳಲ್ಲಿ ಪೆನುಕೊಂಡವೂ ಇತ್ತು, ಕೋಲಾರವೂ ಇತ್ತು. ಕನ್ನಡ ತೆಲುಗು ಅಂತ ಯಾರೂ ಬಿಡಿಸಿ ನೋಡಿರಲಿಲ್ಲ. 1761ರಲ್ಲಿ ಹೈದರಾಲಿ ಶಿರಾ ಹಿಡಿದಾಗಲೂ ಅಷ್ಟೆ. ಗೆರೆ ಬಿದ್ದಿದ್ದು ಟಿಪ್ಪು ಸೋತ ಮೇಲೆ. 1792 ಮತ್ತು 1799ರ ಒಪ್ಪಂದಗಳಲ್ಲಿ ಮೈಸೂರಿನ ಒಂದಷ್ಟು ಭಾಗ ನಿಜಾಮನ ಪಾಲಾಯಿತು. 1800ರಲ್ಲಿ ಅವನು ಅದನ್ನು ಕಂಪನಿಗೆ ಬಿಟ್ಟುಕೊಟ್ಟ. ಅದೇ ದತ್ತ ಮಂಡಲ. ಮಡಕಶಿರಾ, ಪೆನುಕೊಂಡ ಎಲ್ಲ ಮದ್ರಾಸಿನವರ ಕೈಗೆ ಹೋಯ್ತು, ಪಾವಗಡ ಮೈಸೂರಿನಲ್ಲೇ ಉಳೀತು. ಹಂಚಿಕೊಂಡವರು ನೋಡಿದ್ದು ಕಂದಾಯದ ಲೆಕ್ಕ. ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಿ ಅಂತ ಯಾರೂ ಕೇಳಿರಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ, 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಕೂಡ ನಮ್ಮ ಕಡೆ ಈ ಹಳೇ ಗೆರೆಯೇ ಉಳೀತು. ಅಂದ್ರೆ ನಾವು ನವೆಂಬರ್‌ನಲ್ಲಿ ಬಾವುಟ ಹಾರಿಸೋ ನಾಡಿನ ಈ ಮೂಲೆಯ ಗಡಿ, ಭಾಷೆ ನೋಡಿ ಎಳೆದಿದ್ದಲ್ಲ.

ಇದರ ಇನ್ನೊಂದು ಮುಖ ನೋಡಬೇಕಂದ್ರೆ ಮಡಕಶಿರಾಕ್ಕೇ ಹೋಗಬೇಕು. ಅಗಳಿ, ರೊಳ್ಳ, ಗುಡಿಬಂಡ, ಅಮರಾಪುರಂ ಮಂಡಲಗಳಲ್ಲಿ ಮನೆ ಮಾತು ಕನ್ನಡ ಆಗಿರೋ ಊರುಗಳು ಎಷ್ಟೋ ಇವೆ. ಕನ್ನಡ ಮೀಡಿಯಂ ಸರ್ಕಾರಿ ಶಾಲೆಗಳಿವೆ, ಆಂಧ್ರ ಸರ್ಕಾರ ನಡೆಸೋವು. ಶಿರಾದವನ ಸೋದರತ್ತೆ ಮನೆ ಆ ಕಡೆಯೇ. ಅವನ ಅತ್ತೆ ಮಕ್ಕಳು ಮನೆಯಲ್ಲಿ ಕನ್ನಡ, ಕಚೇರಿಗೆ ಹೋದ್ರೆ ತೆಲುಗು. ನಮ್ಮ ಪಾವಗಡದವನದು ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ಇಬ್ಬರನ್ನೂ ಎದುರುಬದುರು ಕೂರಿಸಿದ್ರೆ ಕನ್ನಡಿ ನೋಡಿದ ಹಾಗಿರುತ್ತೆ. ಈಗ ಹೇಳಿ, ಇಬ್ಬರಲ್ಲಿ ಕನ್ನಡದವನು ಯಾರು? ಮನೆ ಮಾತು ನೋಡಿದ್ರೆ ಆ ಹುಡುಗ, ರಾಜ್ಯ ನೋಡಿದ್ರೆ ಇವನು, ಓದಿದ ಶಾಲೆ ನೋಡಿದ್ರೆ ಇಬ್ಬರೂ.

ದೂರದ ಒಂದು ಉದಾಹರಣೆ ನಮಗೆ ಇಷ್ಟ ಆಯ್ತು. ಸ್ವಿಟ್ಜರ್‌ಲೆಂಡ್‌ನ ಪೂರ್ವದ ತುದಿಯಲ್ಲಿ, ಆಲ್ಪ್ಸ್ ಬೆಟ್ಟಗಳ ನಡುವೆ ಸಾಮ್ನೌನ್ ಅನ್ನೋ ಕಣಿವೆ ಇದೆ. ಬಹಳ ಕಾಲ ಅಲ್ಲಿಗೆ ಗಾಡಿ ಹೋಗಬೇಕಂದ್ರೆ ಆಸ್ಟ್ರಿಯಾ ಮೇಲೇ ಹೋಗಬೇಕಿತ್ತು, ಥೇಟ್ ಪಾವಗಡ. ವ್ಯಾಪಾರಕ್ಕೆ ಕಷ್ಟ ಆಗುತ್ತೆ ಅಂತ 1892ರಲ್ಲಿ ಅಲ್ಲಿಗೆ ಸುಂಕ ಬಿಟ್ಟರು. 1912ರಲ್ಲಿ ಸ್ವಿಸ್ ಕಡೆಯಿಂದ ರಸ್ತೆ ಆಯ್ತು. ಆದರೆ ಅಷ್ಟರಲ್ಲಿ ಆ ಜನರ ಹಳೆಯ ರೊಮಾನ್ಶ್ ಭಾಷೆ ಹೋಗಿ, ಆಸ್ಟ್ರಿಯಾ ಕಡೆಯ ಜರ್ಮನ್ ಅವರ ಮಾತಾಗಿತ್ತು. ದಾರಿ ಯಾವ ಕಡೆಗಿತ್ತೋ ಭಾಷೆ ಆ ಕಡೆಗೆ ಹೋಯ್ತು. ನಮ್ಮಲ್ಲಿ ಹಾಗಾಗಲಿಲ್ಲ. ದಾರಿ ಆಂಧ್ರದ ಮೇಲೆ ಇದ್ದರೂ ಪಾವಗಡದವರು ತೆಲುಗನ್ನೂ ಬಿಡಲಿಲ್ಲ, ಕನ್ನಡವನ್ನೂ ಬಿಡಲಿಲ್ಲ. ಒಂದನ್ನು ಇಟ್ಟುಕೊಳ್ಳೋಕೆ ಇನ್ನೊಂದನ್ನು ಕೊಡಬೇಕು ಅಂತ ನಮ್ಮ ಅಜ್ಜಿಯರಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಕ್ಯಾಂಪಸ್‌ನಲ್ಲಿ ಪಾವಗಡದ ಹೆಸರು ಗೊತ್ತಿಲ್ಲದವರಿಲ್ಲ. ರಿನ್ಯೂಯಬಲ್ ಎನರ್ಜಿ ಸೆಮಿನಾರ್ ಅಂದ್ರೆ ಮೊದಲ ಸ್ಲೈಡೇ ಪಾವಗಡ ಸೋಲಾರ್ ಪಾರ್ಕ್: 2,050 ಮೆಗಾವ್ಯಾಟ್, ಸುಮಾರು 13,000 ಎಕರೆ, ರೈತರಿಂದ ಕೊಂಡಿದ್ದಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದಿದ್ದು. ಇದೆಲ್ಲ ಎಲ್ಲರಿಗೂ ಬಾಯಿಪಾಠ. ಆ ಐದು ಊರುಗಳ ಹೆಸರು ಕೇಳಿ: ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು. ಸಮುದ್ರ ಅಂದ್ರೆ ಕನ್ನಡ ನಾಡಲ್ಲಿ ದೊಡ್ಡ ಕೆರೆಗೆ ಇಡ್ತಿದ್ದ ಹೆಸರು. ಚೆರ್ಲು ಅನ್ನೋದರಲ್ಲಿ ತೆಲುಗಿನ ಚೆರುವು ಇದೆ, ಅದೂ ಕೆರೆಯೇ. ನೀರಿಲ್ಲದ ಸೀಮೆಯಲ್ಲಿ ಎರಡು ಭಾಷೆಯ ಜನ ತಮ್ಮ ಊರಿಗೆ ನೀರಿನ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಈಗ ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಪ್ಯಾನೆಲ್. ಗುತ್ತಿಗೆ ದುಡ್ಡು ಬರುತ್ತೆ, ನಿಜ. ಆದರೆ ಕಡಲೆಕಾಯಿ ಬಿಡಿಸೋ ಕೂಲಿ ಕೆಲಸಕ್ಕೆ ಹೋಗ್ತಿದ್ದವರು, ಭೂಮಿ ಇಲ್ಲದವರು, ಬೆಂಗಳೂರು ಬಸ್ಸು ಹತ್ತಿದ್ದಾರೆ. ಹೊಲದಲ್ಲಿ ಎರಡು ಭಾಷೆ ಬೆರೆಸಿ ಆಡ್ತಿದ್ದ ಮಾತು, ಹಾಡು, ಬೈಗುಳ ಎಲ್ಲ ಆ ಕೆಲಸದ ಜೊತೆಗೇ ಇದ್ದವು.

ನಮಗೆ ನಿಜವಾಗಿ ಚಿಂತೆ ಇರೋದು ಇಲ್ಲಿ. ತೆಲುಗು ಕನ್ನಡವನ್ನು ತಿನ್ನುತ್ತೆ ಅಂತಲೋ, ಕನ್ನಡ ತೆಲುಗನ್ನು ತಿನ್ನುತ್ತೆ ಅಂತಲೋ ಅಲ್ಲ. ಇನ್ನೂರು ವರ್ಷ ಜೊತೆಗೆ ಬಾಳಿವೆ, ತಿನ್ನಲಿಲ್ಲ. ಈಗ ನಮ್ಮ ತಮ್ಮ ತಂಗಿಯರಿಗೆ ಮನೆ ಮಾತು ಅರ್ಥ ಆಗುತ್ತೆ, ಉತ್ತರ ಕೊಡೋಕೆ ಬರಲ್ಲ. ಕನ್ನಡ ಓದ್ತಾರೆ, ಆದರೆ ನಿಧಾನ. ಇಂಗ್ಲಿಷ್ ಮೀಡಿಯಂ ಸೇರಿಸಿದ ಅಪ್ಪ ಅಮ್ಮನನ್ನು ದೂರೋಕೂ ನಮಗೆ ಬಾಯಿ ಬರಲ್ಲ. ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ನಾವು ಪಟ್ಟ ಪಾಡು ಅವರಿಗೆ ಗೊತ್ತು. ಎರಡು ಭಾಷೆ ಸಲೀಸಾಗಿ ಆಡ್ತಿದ್ದ ಮನೆಯಲ್ಲಿ ಇನ್ನೊಂದು ತಲೆಮಾರಿಗೆ ಎರಡೂ ಅರ್ಧರ್ಧ ಉಳಿದ್ರೆ ಅದಕ್ಕೆ ಯಾವ ಗಡಿಯನ್ನೂ ದೂರೋ ಹಾಗಿಲ್ಲ.

ಇಲ್ಲಿ ನಮ್ಮ ಕನ್ನಡ ಸಂಘಕ್ಕೂ ಒಂದು ಮಾತು ಹೇಳಬೇಕು ಅನಿಸುತ್ತೆ. ಅರ್ಜಿಗಳಲ್ಲಿ ಮಾತೃಭಾಷೆ ಅಂತ ಒಂದೇ ಕಾಲಂ ಇರುತ್ತೆ, ಅದರಲ್ಲಿ ಒಂದೇ ಪದ ತುಂಬಬೇಕು. ಅದು ಕಚೇರಿಯ ಅನುಕೂಲ, ಇರಲಿ. ಸಂಘಕ್ಕೆ ಆ ಕಾಲಂ ಬೇಡ. ಕನ್ನಡವನ್ನು ಅಮ್ಮನಿಂದ ಕಲಿತವರು ಇಲ್ಲಿದ್ದಾರೆ, ಮೇಷ್ಟ್ರಿಂದ ಕಲಿತವರೂ ಇದ್ದಾರೆ. ನಮ್ಮ ಪಾವಗಡದವನಿಗೆ ಕನ್ನಡ ಕಲಿಸಿದ ಮೇಷ್ಟ್ರ ಮನೆ ಮಾತೂ ತೆಲುಗೇ. ಆದರೂ ಅವರು ಒತ್ತಕ್ಷರ ತಪ್ಪಿದ್ರೆ ಬಿಡ್ತಿರಲಿಲ್ಲ. ಹಾಗೆ ಕಲಿತವನು ಹೋದ ವರ್ಷ ಸಂಘದ ಗೋಡೆ ಪತ್ರಿಕೆಯ ಪ್ರೂಫ್ ತಿದ್ದಿದ. ಅಚ್ಚಗನ್ನಡದ ಊರುಗಳಿಂದ ಬಂದ ನಾವು ಮೂವರು ಬರೆದಿದ್ದನ್ನೂ ಅವನೇ ತಿದ್ದಿದ್ದು.

ಈ ರಜೆಗೆ ನಾವು ನಾಲ್ಕೂ ಜನ ಸೇರಿ ಒಂದು ಸಣ್ಣ ಕೆಲಸ ಹಮ್ಮಿಕೊಂಡಿದ್ದೀವಿ. ಮನೆಗಳಲ್ಲಿ ಅಜ್ಜ ಅಜ್ಜಿಯರು ಬಳಸೋ, ಮಳೆಗೆ, ಮಣ್ಣಿಗೆ, ಕಡಲೆಕಾಯಿ ಬೇಸಾಯಕ್ಕೆ, ಕೆರೆಗೆ ಸಂಬಂಧಪಟ್ಟ ಪದಗಳನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಪಟ್ಟಿ ಮಾಡೋದು. ಯಾವ ಪದ ಕನ್ನಡದ್ದು, ಯಾವುದು ತೆಲುಗಿನದ್ದು ಅಂತ ಬೇರೆ ಮಾಡೋಕೆ ಹೋಗಲ್ಲ, ಊರಿನ ಹೆಸರು ಮಾತ್ರ ಪಕ್ಕದಲ್ಲಿ ಬರೀತೀವಿ. ಮಡಕಶಿರಾ ಕಡೆಯ ಪದಗಳನ್ನು ಶಿರಾದವನ ಅತ್ತೆ ಮಕ್ಕಳು ಕಳಿಸ್ತೀನಿ ಅಂದಿದ್ದಾರೆ. ಗೌರಿಬಿದನೂರು, ಬಾಗೇಪಲ್ಲಿ, ಚಳ್ಳಕೆರೆ, ಬಳ್ಳಾರಿ ಕಡೆಯಿಂದ ಬಂದ ಗೆಳೆಯರು ಯಾರಾದ್ರೂ ಇದ್ರೆ ಬನ್ನಿ, ಸೇರಿಕೊಳ್ಳಿ. ನಿಮ್ಮ ಮನೆಯಲ್ಲಿ ಯಾವ ಭಾಷೆ ಅಂತ ನಾವು ಕೇಳಲ್ಲ. ಅಜ್ಜಿ ಇದ್ದಾರಾ, ಮಾತಾಡೋಕೆ ಪುರುಸೊತ್ತು ಇದೆಯಾ ಅಂತ ಮಾತ್ರ ಕೇಳ್ತೀವಿ.