ಮಾಲೇಕಲ್ಲಿನ ದಾರಿಯಲ್ಲಿ ಕಲಿತ ಪಾಠ

ಅರಸೀಕೆರೆಯ ಸಮೀಪದ ಮಾಲೇಕಲ್ಲಿನಲ್ಲಿ ವೆಂಕಟರಮಣಸ್ವಾಮಿಯ ದರ್ಶನವನ್ನು ಮಾಡಿಕೊಂಡು, ಬಾಣಾವರ ಜಾವಗಲ್ಲುಗಳ ಮಾರ್ಗವಾಗಿ ಹಳೇಬೀಡಿಗೂ, ಅಲ್ಲಿಂದ 16 ಕಿಲೋಮೀಟರು ದೂರದ ಬೇಲೂರಿಗೂ ಬೈಸಿಕಲ್ಲಿನಲ್ಲಿ ಹೋಗಬೇಕೆಂಬುದು ನಮ್ಮ ಬಹುಕಾಲದ ಅಭಿಲಾಷೆ. ಅರವತ್ತರ ವಯಸ್ಸಿನಲ್ಲಿ ಇದೇತರ ಸಾಹಸವೆಂದು ಮನೆಯವರು ಆಕ್ಷೇಪಿಸಿದರೂ, ಕಾರ್ತಿಕಮಾಸದ ಒಂದು ಪ್ರಾತಃಕಾಲದಲ್ಲಿ ಹೊರಟೇಬಿಟ್ಟೆವು.

ಕಂಬಳಿ, ಬಟ್ಟೆ, ಅವಲಕ್ಕಿ, ನೀರು, ಪೂಜೆಯ ತೆಂಗಿನಕಾಯಿ, ಎರಡು ದಪ್ಪ ಪುಸ್ತಕ, ಎಲ್ಲವೂ ಸೇರಿ 12 ಕಿಲೋಗ್ರಾಂ ಆಗಿದ್ದಿತು. ಇಷ್ಟನ್ನೂ ಒಂದೇ ಗಂಟುಮಾಡಿ ಹಿಂದಿನ ಕ್ಯಾರಿಯರಿನ ಮೇಲೆ ಗೋಪುರದಂತೆ ಕಟ್ಟಿದ್ದೆವು. 1220ರ ಶಿವಾಲಯಕ್ಕೆ ಕೈಮುಗಿದು ಊರನ್ನು ದಾಟುವವರೆಗೆ ವಿಘ್ನವೇನೂ ತೋರಲಿಲ್ಲ. ಏರು ಬಂದೊಡನೆ ಮುಂದಿನ ಚಕ್ರವು ಹಗುರವಾಗಿ ಅತ್ತಿತ್ತ ಹೊರಳತೊಡಗಿತು. ಇಳಿಜಾರಿನಲ್ಲಿ ಗಂಟು ತೂಗಾಡಿತು. ಎದುರಿಗೆ ಬಸ್ಸು ಬಂದಿತು. ಹ್ಯಾಂಡಲು ಮಾತು ಕೇಳದೆ ನಾವು ರಸ್ತೆಯಂಚಿನ ಮಣ್ಣಿಗೆ ಉರುಳಿದೆವು. ಒಂದು ಮಾರು ಆಚೆಗೆ ಬಿದ್ದಿದ್ದರೆ ಈ ಲೇಖನವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ತೆಂಗಿನ ತೋಟದಿಂದ ಓಡಿಬಂದ ವೃದ್ಧ ರೈತನೊಬ್ಬನು ನಮ್ಮನ್ನೆಬ್ಬಿಸಿ, ಗಂಟನ್ನು ನೋಡಿ, “ಹಿಂಭಾರ ಆಗೈತೆ ಸ್ವಾಮಿ. ಗಾಡಿಯಾಗಿದ್ದ್ರೆ ನೊಗ ಮೇಲಕ್ಕೆದ್ದು ಎತ್ತಿನ ಕುತ್ತಿಗೆಗೆ ಉರುಳು ಬೀಳೋದು” ಎಂದನು. ಜೀವಮಾನವೆಲ್ಲ ಪರರಿಗೆ ಪಾಠ ಹೇಳಿದ ನಮಗೆ ನಾಚಿಕೆಯಾಯಿತು.

ಆತನ ಮಾತು ಯಥಾರ್ಥ. ಸವಾರನ ತೂಕದ ಹೆಚ್ಚಿನ ಪಾಲು ಮೊದಲೇ ಹಿಂದಿನ ಚಕ್ರದ ಮೇಲಿರುತ್ತದೆ. ಸಾಮಾನನ್ನೆಲ್ಲ ಅದರ ಮೇಲೆಯೇ ಹೇರಿದರೆ ಕಡ್ಡಿಗಳು ಮುರಿಯಬಹುದು. ಮುಂದಿನ ಚಕ್ರಕ್ಕೆ ನೆಲದ ಹಿಡಿತ ತಪ್ಪುತ್ತದೆ. ಭಾರವು ಎತ್ತರದಲ್ಲಿದ್ದಷ್ಟೂ ಓಲಾಟ ಹೆಚ್ಚು.

ಆತನ ಸಹಾಯದಿಂದಲೇ ಗಂಟನ್ನು ಬಿಚ್ಚಿದೆವು. ಪುಸ್ತಕ, ತೆಂಗಿನಕಾಯಿ, ಬಟ್ಟೆಗಳನ್ನು ಎರಡು ಚೀಲಗಳಿಗೆ ಸಮತೂಕವಾಗಿ ಹಂಚಿ, ಭಾರವಾದವನ್ನು ತಳದಲ್ಲಿಟ್ಟು, ಹಿಂದಿನ ಚಕ್ರದ ಇಕ್ಕೆಲಗಳಲ್ಲಿ ಕಾವಡಿಯಂತೆ ತೂಗಹಾಕಿದೆವು. ನೀರು, ಅವಲಕ್ಕಿಗಳು ಬರಿದಾಗಿದ್ದ ಮುಂದಿನ ಕ್ಯಾರಿಯರಿನ ಎರಡು ಪಕ್ಕಗಳಿಗೆ ಹೋದುವು. ಹಗುರವಾದ ಕಂಬಳಿ ಮಾತ್ರ ಹಿಂದೆ ಮೇಲುಗಡೆ ಉಳಿಯಿತು. ಹಗ್ಗದ ತುದಿ ಕಡ್ಡಿಗಳಿಗೆ ಸಿಕ್ಕದಂತೆ ಬಿಗಿದೆವು. ಹಿಂದಿನ ಟೈರಿಗೆ ಗಾಳಿಯನ್ನು ಹೆಚ್ಚಿಸಿದೆವು. ಭಾರ ಹೊತ್ತ ಬೈಸಿಕಲ್ಲು ಬೇಗನೆ ನಿಲ್ಲದಾದುದರಿಂದ, ಇಳಿಜಾರುಗಳಲ್ಲಿ ಮುಂಚಿತವಾಗಿಯೇ ಬ್ರೇಕು ಹಿಡಿಯುವ ಅಭ್ಯಾಸವನ್ನೂ ಮಾಡಿಕೊಂಡೆವು. ಬಳಿಕ ವಾಹನವು ಸಾಧುವಾದ ಹಸುವಿನಂತೆ ನಡೆಯಿತು.

ಮಾಲೇಕಲ್ಲಿನ ಮೆಟ್ಟಿಲುಗಳನ್ನು ಕಾಯಿಯೊಂದನ್ನೇ ಹಿಡಿದು ಹತ್ತಿದೆವು. ಮೂರನೆಯ ದಿನ ಬೇಲೂರಿನಲ್ಲಿ, ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಅಗಲವಾದ ಜಗತಿಯ ಮೇಲೆ ಕುಳಿತಾಗ, ಭಾರವನ್ನು ತಗ್ಗಿನಲ್ಲಿ ಹರಡುವ ವಿದ್ಯೆ ನಮ್ಮ ಪೂರ್ವಿಕರಿಗೆ ತಿಳಿದಿದ್ದಿತೆಂದುಕೊಂಡೆವು. ಆದರೆ ಆ ಎರಡು ಪುಸ್ತಕಗಳನ್ನು ದಾರಿಯಲ್ಲಿ ಒಮ್ಮೆಯೂ ತೆರೆಯಲಿಲ್ಲ. ಭಾರವನ್ನು ಹಂಚುವುದಕ್ಕೆ ಮೊದಲು ಯಾವುದನ್ನು ಮನೆಯಲ್ಲಿಯೇ ಬಿಡಬೇಕೆಂಬುದನ್ನು ಯಾತ್ರಿಕನು ತಿಳಿಯತಕ್ಕದ್ದು.