ಖಾತರಿ

ಮಗಳಿಗೆ ಗಂಡು ಹುಡುಕುವುದು ಕಷ್ಟವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅವರು ಮಗನ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹುಡುಕಿದವರಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ಚಿರಂಜೀವಿ ಪಿ.ಯು.ಸಿ. ಮುಗಿಸಿದ. ಒಳ್ಳೆಯ ಅಂಕ ತೆಗೆದರೆ ಆಟವಾಡುವುದಕ್ಕೆ ಕಂಪ್ಯೂಟರ್ ಕೊಡಿಸುವೆನೆಂದು ನಾನು ಎಂದೋ ಆಡಿದ ಮಾತನ್ನು ಅವನು ಮರೆತಿರಲಿಲ್ಲ, ನಾನು ಮರೆತಿದ್ದೆ. ಅವನ ತಾಯಿಯ ಮಧ್ಯಸ್ಥಿಕೆಯಲ್ಲಿ 50,000 ರೂಪಾಯಿಗೆ ರಾಜಿಯಾಯಿತು. ಅವನು ಬರೆದು ತಂದ ಪಟ್ಟಿಯಲ್ಲಿ ಅರ್ಧ ಹಣವನ್ನು ಗ್ರಾಫಿಕ್ಸ್ ಕಾರ್ಡೇ ನುಂಗಿತ್ತು. ಮದುವೆಯ ಜವಳಿಪಟ್ಟಿಯ ಕೊನೆಯಲ್ಲಿ ದೂರದ ನೆಂಟರಿಗೆಂದು ಬರೆದ ಟವೆಲಿನಂತೆ, ಉಳಿದ ಪುಡಿಗಾಸು ಎಸ್‌ಎಸ್‌ಡಿಯ ಪಾಲಿಗೆ.

“ಯಾವುದೋ ಅಗ್ಗದ್ದು ಸಾಕಪ್ಪಾ. ಆಟ ಓಡಿಸೋದು ಕಾರ್ಡು, ಇದಲ್ಲ,” ಎಂದ.

“ಎಲ್ಲಾ ಇರೋದು ಇದರಲ್ಲೇ ಕಣೋ,” ಎಂದೆ. ನನ್ನ ಹಟಕ್ಕೆ ಬೇರೊಂದು ಕಾರಣವಿತ್ತು. ಅದನ್ನು ಹೇಳಲಿಲ್ಲ.

ಒಂದು ವಾರ ಈ ಪದಾರ್ಥದ ಮೇಲೆ ಅಧ್ಯಯನ ನಡೆಸಿದೆ. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್ ಯಂತ್ರದಲ್ಲಿ 50 ತಟ್ಟೆಗಳು ತಿರುಗುತ್ತಿದ್ದವಂತೆ. ಅಷ್ಟೆಲ್ಲ ತಿರುಗಿಯೂ ಅದು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ಕಣ್ಣಿಗೆ ಕಾಣದ ಕೋಶಗಳಲ್ಲಿ ವಿದ್ಯುತ್ತನ್ನು ಕೂಡಿಹಾಕಿ ನೆನಪಿಡುತ್ತದೆ. ಕೋಶಕ್ಕೆ ಮೂರು ಬಿಟ್ ತುಂಬಿದರೆ ಟಿಎಲ್‌ಸಿ, ನಾಲ್ಕು ತುಂಬಿದರೆ ಕ್ಯೂಎಲ್‌ಸಿ. ಮೂರಕ್ಕೆ 8 ಮಟ್ಟಗಳನ್ನು ಗುರುತಿಸಿದರೆ ಸಾಕು, ನಾಲ್ಕಕ್ಕೆ 16 ಬೇಕು. ನಮ್ಮ ಹಳೆಯ ವಠಾರದಂತೆ, ಒಂದೇ ಕೋಣೆಯಲ್ಲಿ ಜನ ಹೆಚ್ಚಿದಷ್ಟೂ ತಲೆಗೆ ಬೀಳುವ ಬಾಡಿಗೆ ಕಡಿಮೆ, ಆದರೆ ಮನೆ ಬೇಗ ಸವೆಯುತ್ತದೆ. ಓದುವುದರಿಂದ ಅಷ್ಟು ಸವೆಯದು. ಬರೆದು ಅಳಿಸುವುದರಿಂದ ಸವೆಯುವುದು. ಆದ್ದರಿಂದಲೇ ತಯಾರಕರು ಇಷ್ಟು ಟೆರಾಬೈಟ್ ಬರೆಯುವವರೆಗೆ ಎಂದು ಖಾತರಿ ಕೊಡುತ್ತಾರೆ. 2021ರಲ್ಲಿ ಬಂದ ಸ್ಯಾಮ್ಸಂಗ್ 870 ಇವೋದ 500 ಜಿಬಿ ಡ್ರೈವಿಗೆ 5 ವರ್ಷ ಅಥವಾ 300 ಟೆರಾಬೈಟ್, ಯಾವುದು ಮೊದಲೋ ಅದು. ದಿನಕ್ಕೆ 20 ಜಿಬಿ ಬರೆದರೂ 300 ಟೆರಾಬೈಟ್ ತುಂಬಲು 40 ವರ್ಷ ಬೇಕು! ನನ್ನ ಆಯುಸ್ಸಿಗೆ ಯಾರೂ ಅಷ್ಟು ಖಾತರಿ ಕೊಟ್ಟಿಲ್ಲ.

ಶನಿವಾರ ಇಬ್ಬರೂ ಎಸ್‌.ಪಿ. ರಸ್ತೆಗೆ ಹೋದೆವು. ಮೊದಲ ಅಂಗಡಿಯವನು ಹೆಸರೇ ಕೇಳದ ಕಂಪೆನಿಯ 1 ಟಿಬಿ ಡ್ರೈವನ್ನು ಅರ್ಧ ಬೆಲೆಗೆ ಮುಂದಿಟ್ಟ. ಬಿಲ್ಲು ಕೇಳಿದೆ; ಡ್ರೈವನ್ನು ಒಳಗಿಟ್ಟ. ಎರಡನೆಯ ಅಂಗಡಿಯ ಹಿರಿಯರು ಸಮಾಧಾನಿಗಳು.

“ಸ್ವಾಮಿ, ಅತಿ ವೇಗದ್ದಕ್ಕೆ ದುಡ್ಡು ಸುರೀಬೇಡಿ. ಸಾಟಾ ಡ್ರೈವು ಸೆಕೆಂಡಿಗೆ 550 ಎಂಬಿ ಓದುತ್ತೆ, ಎನ್‌ವಿಎಂಇ 3,000ಕ್ಕೂ ಮೇಲೆ ಓದುತ್ತೆ. ಆದರೂ ಎಷ್ಟೋ ಆಟ ತೆರೆಯೋದರಲ್ಲಿ ವ್ಯತ್ಯಾಸ ಕೆಲವೇ ಸೆಕೆಂಡು. ಟಿಎಲ್‌ಸಿ ಇರಲಿ, 5 ವರ್ಷದ ಖಾತರಿ ಇರಲಿ, ಬಿಲ್ಲು ಜೋಪಾನ,” ಎಂದರು. ಹಾಗೆಯೇ ಕೊಂಡೆವು.

“ಇದು ಕೆಟ್ಟುಹೋಗೋದಿಲ್ಲ ತಾನೆ?” ಎಂದೆ.

“ಕೆಟ್ಟರೆ ಹೊಸದು ಕೊಡಿಸ್ತೀನಿ. ಒಳಗಿದ್ದದ್ದನ್ನು ಕೊಡಿಸೋದು ನನ್ನ ಕೈಲಾಗೋಲ್ಲ.”

ಆ ಮಾತು ನನಗೆ ಹೊಸದಲ್ಲ. ಮೂರು ವರ್ಷದ ಹಿಂದೆ, ನಾನೇ ಉಳಿತಾಯವೆಂದು ಕೊಂಡಿದ್ದ ಡ್ರೈವೊಂದು ಬೆಳಗಾಗುವುದರೊಳಗೆ ಮೂಕವಾಯಿತು. ತಿರುಗುವ ಡಿಸ್ಕಾದರೆ ಸಾಯುವ ಮುಂಚೆ ಕಟಕಟನೆ ನರಳುವುದುಂಟು. ಇದು ನರಳಲೂ ಇಲ್ಲ. ಅದರಲ್ಲಿ ನಮ್ಮಮ್ಮ ಹಾಡಿದ ಹಸೆಹಾಡುಗಳಿದ್ದವು. ಅಮ್ಮ ತೀರಿಕೊಂಡು ಆಗಲೇ ವರ್ಷವಾಗಿತ್ತು. ಮಾರಿದವರು ಮಾತಿಗೆ ತಪ್ಪದೆ ಹೊಸ ಡ್ರೈವ್ ಕೊಟ್ಟರು.

ಹಿಂತಿರುಗುವಾಗ ಬಸ್ಸಿನಲ್ಲಿ ಇದನ್ನು ಮಗನಿಗೆ ಹೇಳಿದೆ. ಡ್ರೈವ್ ಹೋದದ್ದು ಅವನಿಗೆ ಗೊತ್ತಿತ್ತು. ಹಾಡು ಹೋದದ್ದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ತಪ್ಪು ನನ್ನದೆಂದು. ಅವನು ಮಾತಾಡಲಿಲ್ಲ. ರಾತ್ರಿ ಕಂಪ್ಯೂಟರ್ ಜೋಡಿಸಿ ಮುಗಿಸಿದ ಮೇಲೆ ಬೀರುವಿನಿಂದ ತನ್ನ ಹಳೆಯ ಫೋನನ್ನು ತೆಗೆದ. ಅಜ್ಜಿಯನ್ನು ಕಾಡಿಸಲೆಂದು ಶಾಲೆಯ ದಿನಗಳಲ್ಲಿ ಹಿಡಿದಿಟ್ಟ ಒಂದು ಹಾಡು ಅದರಲ್ಲಿತ್ತು. ಎರಡು ನಿಮಿಷ. ನಡುವೆ ಅಮ್ಮ ಕೆಮ್ಮಿ, “ಸಾಕು ನಿಲ್ಸೋ, ಪುಂಡ” ಎನ್ನುತ್ತಾಳೆ.

ಹೊಸ ಡ್ರೈವಿನಲ್ಲಿ ಮೊದಲು ಇಳಿದದ್ದು ಆಟವಲ್ಲ, ಆ ಹಾಡು. ಮತ್ತೆರಡು ಪ್ರತಿ ಮಾಡಿ, ಒಂದನ್ನು ಊರಿನಲ್ಲಿರುವ ತಂಗಿಗೆ ಕಳಿಸಿದೆ. ಒಳ್ಳೆಯ ಡ್ರೈವನ್ನೇ ಕೊಳ್ಳಿರೆಂದು ಓದುಗರಿಗೆ ಹೇಳುತ್ತೇನೆ. ಆದರೆ ಅದೊಂದನ್ನೇ ನಂಬಬೇಡಿ.